ಹಳೆಯ ಸ್ಪೀಕರನ್ನು ಈಗ ಕೊಳ್ಳಬಹುದೆ?

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂತಹ ಹೋಬಳಿಯ ಊರಿನಲ್ಲಿ ಧ್ವನಿವರ್ಧಕವೆಂದೊಡನೆ ಜನರ ಮನಸ್ಸಿಗೆ ಬರುವುದು ಪಡಸಾಲೆಯ ಮೂಲೆಯಲ್ಲಿಟ್ಟ ಪೆಟ್ಟಿಗೆಯಲ್ಲ; ಗುಡಿಯ ಮಾಳಿಗೆಯ ಮೇಲೆಯೋ ಬೇವಿನ ಮರದ ಕವಲಿನಲ್ಲಿಯೋ ಹಗ್ಗದಿಂದ ಬಿಗಿದ, ಬಿಸಿಲು ಮಳೆಗಳಿಗೆ ಬಣ್ಣಗೆಟ್ಟ, ಅಗಲ ಬಾಯಿಯ ಅಲ್ಯೂಮಿನಿಯಮ್ ಹಾರ್ನು. ಬಂಡೆ ರಂಗನಾಥನ ಉತ್ಸವಕ್ಕೂ, ಮದುವೆಯ ಹಂದರಕ್ಕೂ, ಚುನಾವಣೆಯ ಜೀಪಿಗೂ, ಪಂಚಾಯತಿಯ ಪ್ರಕಟಣೆಗೂ ಅದೊಂದೇ ಕಂಠ. ಅದನ್ನು ಬಾಡಿಗೆಗೆ ಕೊಡುವವನು ಊರವರ ಬಾಯಲ್ಲಿ ಮೈಕ್‌ಸೆಟ್ಟಿನವನು. ಹಾರ್ನಿನ ಬೆನ್ನಿಗೆ ತಿರುಪಿನಿಂದ ಕೂರಿಸಿದ ಗುಂಡನೆಯ ಭಾಗ ಯೂನಿಟ್ಟು. ಜಾತ್ರೆಯ ರಾತ್ರಿ ಸದ್ದು ಹಠಾತ್ತನೆ ನಿಂತಿತೆಂದರೆ ಯೂನಿಟ್ಟು ಸುಟ್ಟಿತೆಂಬ ನಿರ್ಣಯವನ್ನು ಸಣ್ಣ ಹುಡುಗರೂ ಕೊಡಬಲ್ಲರು.

ಈ ಸೀಮೆಗೂ ಈಗ ಮತ್ತೊಂದು ಬಗೆಯ ಹಳೆತನ ಬಂದಿದೆ. ಮರದಂತೆ ಕಾಣುವ ಮೈ, ನೇಯ್ದ ಬಟ್ಟೆಯ ಮುಖ, ಹಿತ್ತಾಳೆಯಂತೆ ಹೊಳೆಯುವ ತಿರುಗುಗುಂಡಿ, ಅಜ್ಜನ ಕಾಲದ ರೇಡಿಯೋವನ್ನು ನೆನಪಿಸುವ ದುಂಡು ಮೂಲೆಗಳು—ಇವನ್ನೆಲ್ಲ ಧರಿಸಿದ ಹೊಸ ಸ್ಪೀಕರುಗಳು ಮೊಬೈಲಿನಲ್ಲಿ ಆರ್ಡರು ಮಾಡಿದ ಕೆಲವೇ ದಿನಗಳಲ್ಲಿ ಮನೆಯ ಬಾಗಿಲಿಗೆ ಬರುತ್ತವೆ. ಇನ್ನೊಂದು ಕಡೆ, ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ನಿಜವಾದ ಹಳೆಯ ರೇಡಿಯೋವನ್ನು ಗುಜರಿಯವನಿಗೆ ಹಾಕುವುದೋ ರಿಪೇರಿ ಮಾಡಿಸುವುದೋ ಎಂದು ಮೊಮ್ಮಕ್ಕಳು ವಿಚಾರಿಸುವುದುಂಟು. ನಗರಗಳಲ್ಲಂತೂ 1960–70ರ ದಶಕಗಳ ಸ್ಪೀಕರುಗಳನ್ನು ಹುಡುಕಿ ಕೊಳ್ಳುವ ರಸಿಕರ ಒಂದು ಪಂಥವೇ ಇದೆ. ಹೊಸ ವಸ್ತುವಿಗೆ ಹಳೆಯ ವೇಷ ತೊಡಿಸಿದ್ದನ್ನು ಕೊಳ್ಳುವುದು, ಹಳೆಯ ವಸ್ತುವನ್ನೇ ಕೊಳ್ಳುವುದು—ಈ ಎರಡು ಬೇರೆ ಬೇರೆ ವಿಷಯಗಳು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಳೆಯ ಸ್ಪೀಕರುಗಳ ಸದ್ಗುಣಗಳೆಲ್ಲ ವಿದ್ಯುಚ್ಛಕ್ತಿಯ ದಾರಿದ್ರ್ಯದಿಂದ ಹುಟ್ಟಿದವು; ಆ ಗುಣಗಳ ಆವಶ್ಯಕತೆ ತನಗಿದೆಯೆಂದು ಅರಿತು ಕೊಂಡವನು ನಷ್ಟಪಡುವುದಿಲ್ಲ, ಮುಖವನ್ನು ನೋಡಿ ಕೊಂಡವನು ಮುಖಕ್ಕಷ್ಟೇ ಬೆಲೆ ತೆತ್ತಿರುತ್ತಾನೆ.

ದಾರಿದ್ರ್ಯವೆಂದೆನಷ್ಟೆ, ಅದನ್ನು ಸ್ವಲ್ಪ ವಿವರಿಸಬೇಕು. ಅಯಸ್ಕಾಂತದ ಸಂದಿಯಲ್ಲಿ ತೂಗುವ ತಂತಿಯ ಸುರುಳಿ, ಆ ಸುರುಳಿಗೆ ಅಂಟಿಸಿದ ಕಾಗದದ ಶಂಕು, ಸುರುಳಿಯಲ್ಲಿ ವಿದ್ಯುತ್ತು ಹರಿದಂತೆಲ್ಲ ಶಂಕು ಹಿಂದುಮುಂದಾಗಿ ಗಾಳಿಯನ್ನು ತಳ್ಳುವುದು—ಇಂದು ನಾವು ಸ್ಪೀಕರೆಂದು ಕರೆಯುವ ಸಾಧನದ ಈ ವಿನ್ಯಾಸವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು 1925ರಲ್ಲಿ ವಿಧಿವತ್ತಾಗಿ ಪ್ರಕಟಿಸಿದರು. ನೂರು ವರ್ಷಗಳಾದ ಮೇಲೂ ಅದರ ಮೂಲತತ್ತ್ವ ಬದಲಾಗಿಲ್ಲ. ಆದುದರಿಂದ ಕಂಪ್ಯೂಟರಿನ ವಿಷಯದಲ್ಲಿ ಹಳೆಯದೆಂದರೆ ನಿರುಪಯೋಗಿಯೆಂದು ಹೇಳಿದ ಹಾಗೆ ಸ್ಪೀಕರಿನ ವಿಷಯದಲ್ಲಿ ಹೇಳಲಾಗದು. ಬದಲಾದದ್ದು ಸ್ಪೀಕರನ್ನು ನಡೆಸುವ ಶಕ್ತಿ. ವಾಲ್ವುಗಳ ರೇಡಿಯೋವೊಂದು ಬೆವರಿಳಿಸಿ ದುಡಿದರೂ ಸ್ಪೀಕರಿಗೆ ಒದಗಿಸುತ್ತಿದ್ದುದು ಮೂರು ನಾಲ್ಕು ವ್ಯಾಟ್ ಮಾತ್ರ. ಅಷ್ಟರಲ್ಲೇ ಮನೆಮಂದಿಗೆಲ್ಲ ಕೇಳಿಸಬೇಕಾದರೆ ಶಂಕು ಅಗಲವಾಗಿರಬೇಕು, ಕಾಗದ ಹಗುರವಾಗಿರಬೇಕು, ಅಯಸ್ಕಾಂತ ಬಲವಾಗಿರಬೇಕು, ಪೆಟ್ಟಿಗೆ ವಿಶಾಲವಾಗಿರಬೇಕು. ನಾವು ಇಂದು ಹಳೆಯ ನಾದವೆಂದು ಮೆಚ್ಚುವ ಆ ಸಲೀಸಾದ, ದಣಿವಿಲ್ಲದ, ಮಾತಿನ ಮೊದಲಕ್ಷರವೇ ಥಟ್ಟನೆ ಎದ್ದು ಬರುವ ಧ್ವನಿ ಈ ನಿರ್ಬಂಧದ ಫಲ.

ಲೆಕ್ಕವನ್ನು ಒಮ್ಮೆ ಕಣ್ಣಾರೆ ಕಾಣುವುದು ಒಳ್ಳೆಯದು. ಒಂದು ವ್ಯಾಟ್ ಶಕ್ತಿ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆಂಬುದನ್ನು ಸ್ಪೀಕರಿನ ಸಂವೇದನೆಯೆಂದು ಕರೆಯುತ್ತಾರೆ. ಮೂರು ಡೆಸಿಬೆಲ್ ಹೆಚ್ಚಿಸಬೇಕಾದರೆ ಶಕ್ತಿ ಇಮ್ಮಡಿಯಾಗಬೇಕು. ಹತ್ತು ಡೆಸಿಬೆಲ್ಲಿಗೆ ಹತ್ತು ಪಟ್ಟು. ಪಾಲ್ ಕ್ಲಿಪ್ಷ್ ಎಂಬಾತ 1946ರಲ್ಲಿ ಮಾರಾಟಕ್ಕೆ ತಂದ, ಕೋಣೆಯ ಮೂಲೆಯನ್ನೇ ತನ್ನ ಹಾರ್ನಿನ ಭಾಗವಾಗಿ ಮಾಡಿಕೊಳ್ಳುವ, ಬೀರುವಿನಷ್ಟು ದೊಡ್ಡ ಕ್ಲಿಪ್ಷ್‌ಹಾರ್ನಿನ ಸಂವೇದನೆ ಸುಮಾರು 105 ಡೆಸಿಬೆಲ್. ಬಿ.ಬಿ.ಸಿ.ಯ ಎಂಜಿನಿಯರುಗಳು 1970ರ ದಶಕದಲ್ಲಿ, ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಮನುಷ್ಯಕಂಠವನ್ನು ಪರೀಕ್ಷಿಸಲೆಂದು ರಚಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಪೆಟ್ಟಿಗೆಯದು ಸುಮಾರು 83. ಎರಡೂ ಪ್ರಸಿದ್ಧ, ಎರಡೂ ಇಂದಿಗೆ ಹಳೆಯವು. ಆದರೆ ಮೊದಲನೆಯದು ಒಂದು ವ್ಯಾಟ್‌ನಲ್ಲಿ ಮಾಡುವ ಸದ್ದನ್ನು ಮಾಡಲು ಎರಡನೆಯದಕ್ಕೆ ನೂರೈವತ್ತು ವ್ಯಾಟಿಗೂ ಹೆಚ್ಚು ಬೇಕು, ಅಷ್ಟನ್ನು ಕೊಟ್ಟರೆ ಅದು ಬದುಕುವುದೂ ಇಲ್ಲ. ಹಳೆಯದು ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಎಂತಹ ಪರಸ್ಪರವಿರುದ್ಧ ಸ್ವಭಾವಗಳು ಕೂಡಿಬಿದ್ದಿವೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಸ್ಪೀಕರು ತಯಾರಿಸುವ ಕೆ.ಎಲ್.ಎಚ್. ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ ಆಂಟನ್ ಹಾಫ್‌ಮನ್ ಇದಕ್ಕೊಂದು ಸೂತ್ರವನ್ನು ಹೇಳಿದ್ದಾನೆ: ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ಸಂವೇದನೆ—ಈ ಮೂರರಲ್ಲಿ ಯಾವುದಾದರೂ ಎರಡನ್ನು ಮಾತ್ರ ಪಡೆಯಬಹುದು. ಜಾಹೀರಾತುಗಳು ಈ ಸೂತ್ರವನ್ನು ದಿನಕ್ಕೊಮ್ಮೆ ಸುಳ್ಳಾಗಿಸುತ್ತವೆ; ಭೌತಶಾಸ್ತ್ರ ಮಾತ್ರ ಇನ್ನೂ ಒಪ್ಪಿಲ್ಲ.

ನಮ್ಮ ಸೀಮೆಗೆ ಈ ಯಂತ್ರಕಂಠ ಬಂದ ಬಗೆಯೂ ಶಕ್ತಿಯ ಅಭಾವದ ಕಥೆಯೇ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ಬಳ್ಳಾರಿ ಜಿಲ್ಲೆಯು 1953ರ ಅಕ್ಟೋಬರ್ 1ರವರೆಗೆ ಮದರಾಸು ಸರಕಾರಕ್ಕೆ ಸೇರಿತ್ತು. ಆ ಆಳ್ವಿಕೆಯ ಕಾಲದಲ್ಲಿಯೇ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತ್ತು. ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ವಾಕ್ಚಿತ್ರದ ತೆರೆಯ ಹಿಂದೆಯೂ, ರೇಡಿಯೋದ ಬಟ್ಟೆಯ ಮುಖದ ಹಿಂದೆಯೂ ಇದ್ದುದು ಕೆಲವೇ ವ್ಯಾಟುಗಳಲ್ಲಿ ಗಟ್ಟಿಯಾಗಿ ನುಡಿಯಬಲ್ಲ ಸಾಧನಗಳು. ರಾಜಕೀಯ ಸಭೆಗಳಿಗೆ ಧ್ವನಿವರ್ಧಕವನ್ನು ಒದಗಿಸುವ ಕೆಲಸವನ್ನು ಬೊಂಬಾಯಿಯ ನಾನಿಕ್ ಮೋಟ್ವಾನೆಯವರ ಷಿಕಾಗೋ ರೇಡಿಯೋ ಸಂಸ್ಥೆ ವ್ರತವೆಂಬಂತೆ ಕೈಗೊಂಡಿತ್ತು. ಗಾಂಧೀ, ನೆಹರೂ ಭಾಷಣ ಮಾಡುತ್ತಿರುವ ಎಷ್ಟೋ ಛಾಯಾಚಿತ್ರಗಳಲ್ಲಿ ಅವರ ಮುಂದಿನ ಮೈಕಿನ ಮೇಲೆ ಆ ಹೆಸರನ್ನು ಇಂದಿಗೂ ಓದಬಹುದು. ದಿಲ್ಲಿಯಲ್ಲಿ 1940ರಲ್ಲಿ ಪ್ರಾರಂಭವಾದ ಅಹುಜಾ ಸಂಸ್ಥೆಯ ಹಾರ್ನು ಮತ್ತು ಆಂಪ್ಲಿಫೈಯರುಗಳು ಮುಂದೆ ದೇಶದ ಹಳ್ಳಿಹಳ್ಳಿಯನ್ನೂ ಮುಟ್ಟಿದವು. ತುಂಗಭದ್ರೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದವರಿಂದ ಹಗರಿಬೊಮ್ಮನಹಳ್ಳಿ ಬೆಳೆಯುತ್ತಿದ್ದ ಕಾಲವೂ, ಹಾರ್ನು ಮರವೇರಿದ ಕಾಲವೂ ಹೆಚ್ಚು ಕಡಿಮೆ ಒಂದೇ.

ಹಾರ್ನನ್ನು ಸಂಗೀತಪ್ರಿಯರು ಹೀಗಳೆಯುತ್ತಾರೆ, ಅದು ಅನ್ಯಾಯ. ಹೊಲದಾಚೆಯ ಬದುವಿನ ಮೇಲಿರುವವನನ್ನು ಕರೆಯುವಾಗ ನಾವು ಬಾಯಿಯ ಸುತ್ತ ಎರಡು ಅಂಗೈಗಳನ್ನು ಮರೆಯಾಗಿ ಹಿಡಿದು ಕೂಗುವುದರಲ್ಲಿ ಯಾವ ತತ್ತ್ವವಿದೆಯೋ ಹಾರ್ನಿನಲ್ಲಿರುವುದೂ ಅದೇ. ಯೂನಿಟ್ಟಿನೊಳಗಿನ ಪುಟ್ಟ ಪೊರೆಯು ನೇರವಾಗಿ ತೆರೆದ ಗಾಳಿಯನ್ನು ತಳ್ಳಹೋದರೆ ಅದರ ಶ್ರಮವೆಲ್ಲ ವ್ಯರ್ಥ. ಕಿರಿದಾದ ಕೊರಳಿನಿಂದ ಮೊದಲಾಗಿ ಕ್ರಮಕ್ರಮವಾಗಿ ಅಗಲವಾಗುವ ಕೊಳವೆ ಆ ಶ್ರಮವನ್ನು ಗಾಳಿಗೆ ಹೊಂದಿಸಿಕೊಡುತ್ತದೆ. ಆದರೆ ಎಷ್ಟು ಕೆಳಗಿನ ಸ್ವರದವರೆಗೆ ಹೀಗೆ ಹೊಂದಿಸಬಲ್ಲುದೆಂಬುದನ್ನು ನಿರ್ಣಯಿಸುವುದು ಬಾಯಿಯ ಸುತ್ತಳತೆ. ಅರ್ಧ ಮೀಟರ್ ಅಗಲದ ಬಾಯಿಗೆ ಸುತ್ತಳತೆ ಒಂದೂವರೆ ಮೀಟರಿಗೆ ತುಸು ಹೆಚ್ಚು. ಅಷ್ಟುದ್ದದ ಧ್ವನಿತರಂಗವೆಂದರೆ ಸೆಕೆಂಡಿಗೆ ಸುಮಾರು 215 ಕಂಪನಗಳು. ಅದಕ್ಕಿಂತ ಕೆಳಗಿನ ತಬಲದ ಎಡದ ಗುಮುಕು, ತಂಬೂರಿಯ ಖರ್ಜ, ಡೊಳ್ಳಿನ ಗರ್ಭನಾದ—ಇವೆಲ್ಲ ಸೋರಿಹೋಗುತ್ತವೆ. ಚಿತ್ರಗೀತೆಯು ಹಾರ್ನಿನಲ್ಲಿ ಮೂಗಿನಿಂದ ಹಾಡಿದಂತೆ ಕೇಳುವುದಕ್ಕೆ ಕಾರಣವಿದು. ಮಾತಿನ ಅರ್ಥ ಮಾತ್ರ ಬಹುಮಟ್ಟಿಗೆ 300ರಿಂದ 3400 ಕಂಪನಗಳೊಳಗೆ ಅಡಗಿರುತ್ತದೆ, ಟೆಲಿಫೋನು ನಡೆಯುವುದೇ ಇಷ್ಟರಲ್ಲಿ. ಆದಕಾರಣ ಕಳೆದುಹೋದ ಮಗುವಿನ ಹೆಸರನ್ನು ಜಾತ್ರೆಯಲ್ಲಿ ಕೂಗಿ ಹೇಳುವುದಕ್ಕೆ ಹಾರ್ನಿಗಿಂತ ಯೋಗ್ಯವಾದದ್ದು ಇನ್ನೂ ಹುಟ್ಟಿಲ್ಲ. ಊರ ಸಮಿತಿಯವರು ನನ್ನನ್ನು ಕೇಳಿದರೆ, ಪ್ರಕಟಣೆಗೆ ಹಾರ್ನನ್ನೇ ಇಟ್ಟುಕೊಳ್ಳಿ, 100 ವೋಲ್ಟ್ ಲೈನಿನಲ್ಲಿ ಎಳೆದರೆ ಉದ್ದದ ತಂತಿಯಲ್ಲಿಯೂ ಶಕ್ತಿ ವ್ಯರ್ಥವಾಗದು, ಭಜನೆಗೂ ನಾಟಕಕ್ಕೂ ಮಾತ್ರ ಅಗಲ ಶಂಕುವಿನ ಪೆಟ್ಟಿಗೆಗಳನ್ನು ತರಿಸಿ ಎನ್ನುತ್ತೇನೆ.

ಇಲ್ಲಿ ಮೈಲಾರದ ವಿಷಯವನ್ನು ಹೇಳದೆ ಮುಂದೆ ಹೋಗಲು ಮನಸ್ಸೊಪ್ಪದು. ಹಡಗಲಿ ತಾಲ್ಲೂಕಿನ ಆ ಕ್ಷೇತ್ರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಡೆಂಕನಮರಡಿಯ ಮೇಲೆ ಅಸಂಖ್ಯ ಜನ ನೆರೆದಿರುವಾಗ, ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಒಮ್ಮೆ ಗರ್ಜಿಸುತ್ತಾನೆ. ಆ ಮಹಾಸಮೂಹ ಒಮ್ಮೆಗೇ ಸ್ತಬ್ಧವಾಗುತ್ತದೆ. ಆಗ ಅವನ ಬಾಯಿಂದ ಕಾರ್ಣಿಕದ, ಎಂದರೆ ಭವಿಷ್ಯವಾಣಿಯ, ಒಂದೇ ಒಂದು ವಾಕ್ಯ ಹೊರಡುತ್ತದೆ. ಧ್ವನಿಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅಲ್ಲಿ ನಡೆಯುವುದು ಅತ್ಯಂತ ಸೂಕ್ಷ್ಮವಾದ ಉಪಾಯ: ಕೇಳಬೇಕಾದ ಧ್ವನಿಯನ್ನು ಹೆಚ್ಚಿಸುವುದಕ್ಕೆ ಬದಲಾಗಿ ಬೇಡದ ಸದ್ದನ್ನು ಇಳಿಸುವುದು, ಮತ್ತು ಜನರ ಮೈಗಳು ಧ್ವನಿಯನ್ನು ಹೀರದಂತೆ ನುಡಿಯುವ ಬಾಯನ್ನು ತಲೆಗಳಿಂದ ಮೇಲಕ್ಕೆತ್ತುವುದು. ಹಾರ್ನನ್ನು ಮರಕ್ಕೆ ಕಟ್ಟುವುದರಲ್ಲಿರುವ ವಿವೇಕ ಈ ಎರಡನೆಯದೇ. ಮೊದಲನೆಯದನ್ನು ನಾವು ಕಾರ್ಣಿಕದ ಹೊರತು ಬೇರೆಲ್ಲಿಯೂ ಪ್ರಯೋಗಿಸಿದಂತೆ ಕಾಣೆ.

ಬಯಲಾಟಕ್ಕೆ ಮೈಕು ಬಂದಾಗ ಆದ ಪರಿಣಾಮ ಇನ್ನೊಂದು ಬಗೆಯದು. ರಾತ್ರಿಯಿಡೀ ಗಟ್ಟಿಕಂಠದಿಂದ ಹಾಡಿ ನುಡಿಯುವ ಶಕ್ತಿಯೇ ದೊಡ್ಡಾಟದ ಪಾತ್ರಧಾರಿಯ ಬಂಡವಾಳವಾಗಿತ್ತು. ರಂಗದ ನಡುವೆ ಮೈಕನ್ನು ಇಳಿಬಿಟ್ಟ ಮೇಲೆ ಭೀಮನಾಗಲಿ ದುಶ್ಶಾಸನನಾಗಲಿ ಕುಣಿತವನ್ನೆಲ್ಲ ಮುಗಿಸಿ, ಆ ತೂಗುವ ಮೈಕಿನಡಿಗೆ ಬಂದು ನಿಂತು ಮಾತಾಡುವುದು ವಾಡಿಕೆಯಾಯಿತು. ಕಲೆಗೆ ಇದರಿಂದ ಹಾನಿಯಾಯಿತೆಂದು ನಾನೇನೂ ಕಣ್ಣೀರಿಡುವುದಿಲ್ಲ, ಹಿಂದಿನ ಸಾಲಿನ ಮುದುಕಿಗೂ ಮಾತು ಕೇಳಿಸಿತಲ್ಲ.

ಮನೆಯ ಸ್ಪೀಕರಿಗೆ ಬರೋಣ. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತನು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಂಡು ಆಳವಾದ ಮಂದ್ರವನ್ನು ಹೊರಡಿಸಿದನು. ಅದಕ್ಕೆ ತೆತ್ತ ಬೆಲೆ ಸಂವೇದನೆ. ಆದರೆ ಟ್ರಾನ್ಸಿಸ್ಟರುಗಳು ಬಂದು ವ್ಯಾಟುಗಳು ಅಗ್ಗವಾದುದರಿಂದ ಆ ಬೆಲೆ ಯಾರಿಗೂ ಭಾರವೆನಿಸಲಿಲ್ಲ. ಆಮೇಲೆ ಆಸ್ಟ್ರೇಲಿಯದ ನೆವಿಲ್ ಥೀಲ್ ಮತ್ತು ಅಲ್ಲಿಯೇ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲ್ ಪೆಟ್ಟಿಗೆಯ ಗಾತ್ರಕ್ಕೂ ಶಂಕುವಿನ ಗುಣಗಳಿಗೂ ಇರುವ ಸಂಬಂಧವನ್ನು ಗಣಿತಕ್ಕೆ ಇಳಿಸಿದರು. ಅಲ್ಲಿಯವರೆಗೆ ಬಡಗಿಯ ಅಂದಾಜಾಗಿದ್ದುದು ಲೆಕ್ಕವಾಯಿತು. ಹೀಗಾಗಿ ಇಂದಿನ ಸಾಧಾರಣ ಬೆಲೆಯ ಒಳ್ಳೆಯ ಜೋಡಿ ಸ್ಪೀಕರು, ಸ್ವರಗಳ ಸಮತೋಲದ ಮಟ್ಟಿಗೆ, 1960ರ ಎಷ್ಟೋ ದುಬಾರಿ ಪೆಟ್ಟಿಗೆಗಳನ್ನು ಮೀರಿಸುವುದರಲ್ಲಿ ನನಗೆ ಸಂಶಯವಿಲ್ಲ.

ಹಾಗಿದ್ದೂ ದೊಡ್ಡ ಸಂಸ್ಥೆಗಳೇ ಹಳೆಯ ರೂಪಕ್ಕೆ ಮರಳಿವೆ. ಜೆ.ಬಿ.ಎಲ್. 1970ರಲ್ಲಿ ಹೊರತಂದಿದ್ದ ಎಲ್100 ಎಂಬುದನ್ನು, ಚೌಕಚೌಕವಾಗಿ ಕತ್ತರಿಸಿದ ಸ್ಪಂಜಿನ ಅದೇ ಮುಖದೊಡನೆ, 2018ರಲ್ಲಿ ಮತ್ತೆ ಪ್ರಕಟಿಸಿತು, ವಾರ್ಫ್‌ಡೇಲ್ ತನ್ನ 1965ರ ಲಿಂಟನ್ ಎಂಬ ಹೆಸರನ್ನು 2019ರಲ್ಲಿ ಎಬ್ಬಿಸಿತು, ಕೆ.ಎಲ್.ಎಚ್. ಕೂಡ ಅದೇ ಹಾದಿ ಹಿಡಿಯಿತು. ಕ್ಲಿಪ್ಷ್‌ಹಾರ್ನನ್ನಂತೂ ನಿಲ್ಲಿಸಲೇ ಇಲ್ಲ. ಇವುಗಳ ಒಳಗಿನ ಶಂಕು, ಅಂಚು, ಸ್ವರವಿಭಾಜಕ ಮಂಡಲಗಳೆಲ್ಲ ಈಗಿನ ಗಣಿತದಿಂದ ರಚಿತವಾದವು. ಉಳಿದುಬಂದದ್ದು ಅಗಲ ಮುಖ, ದೊಡ್ಡ ಶಂಕು ಮತ್ತು ಗಾತ್ರದ ಬಗ್ಗೆ ನಾಚಿಕೆಯಿಲ್ಲದಿರುವುದು. ಇಂತಹದನ್ನು ಕೊಳ್ಳುವವನು ಹಾಫ್‌ಮನ್ನನ ಸೂತ್ರದಲ್ಲಿ ಸಣ್ಣ ಪೆಟ್ಟಿಗೆಯನ್ನು ಬಿಟ್ಟುಕೊಟ್ಟು ಮಿಕ್ಕೆರಡನ್ನು ಪಡೆಯುತ್ತಾನೆ, ಇದು ನ್ಯಾಯವಾದ ವ್ಯವಹಾರ. ಲಕ್ಷದ ಲೆಕ್ಕದಲ್ಲಿ ಹಣ ತೆರಬೇಕಾಗುತ್ತದೆಂಬುದೊಂದೇ ತೊಡಕು.

ಮಧ್ಯಮ ವರ್ಗದ ಮನೆಗೆ ಬರುವ ಹಳೆಯ ವೇಷ ಬೇರೆ. ಎಚ್.ಎಂ.ವಿ. ನಾಯಿಯ ಮುದ್ರೆಯಿಂದ ನಮಗೆಲ್ಲ ಪರಿಚಿತವಾದ ಗ್ರಾಮಫೋನ್ ಕಂಪನಿಯ ಉತ್ತರಾಧಿಕಾರಿಯಾದ ಸಾರೆಗಾಮಾ ಸಂಸ್ಥೆ 2017ರಲ್ಲಿ ಐದು ಸಾವಿರ ಹಾಡುಗಳನ್ನು ಒಳಗೆ ತುಂಬಿ ಕಾರವಾನ್ ಎಂಬುದನ್ನು ಮಾರಲಾರಂಭಿಸಿತು. ಅದರ ಆಕಾರ ಹಿಂದಿನ ಟ್ರಾನ್ಸಿಸ್ಟರ್ ರೇಡಿಯೋದ್ದು, ಒಳಗಿರುವುದು ಇಂದಿನ ಪುಟ್ಟ ಶಂಕುಗಳು. ಸ್ಪೀಕರಾಗಿ ನೋಡಿದರೆ ಅದು ಅಷ್ಟೇ ಗಾತ್ರದ ಬೇರಾವುದೇ ಪೆಟ್ಟಿಗೆಗಿಂತ ಮೇಲಲ್ಲ, ಆಗುವುದಕ್ಕೂ ಸಾಧ್ಯವಿಲ್ಲ. ಆದರೆ ಮೊಬೈಲಿನ ಗಾಜನ್ನು ಉಜ್ಜಿ ಹಾಡು ಹುಡುಕಲಾರದ ವೃದ್ಧರಿಗೆ ಗುಂಡಿ ತಿರುಗಿಸಿದರೆ ಹಾಡು ಬರುವ ಸೌಕರ್ಯಕ್ಕೆ ಬೆಲೆಯಿಲ್ಲವೆ? ಕೊಡಬಹುದು, ನಾದಕ್ಕಾಗಿ ಕೊಟ್ಟೆನೆಂದು ಭಾವಿಸಬಾರದು.

ನಿಜವಾದ ಹಳೆಯದನ್ನೇ ಕೊಳ್ಳುವವನು ವೈದ್ಯನ ಕಣ್ಣನ್ನು ಕೊಂಡೊಯ್ಯಬೇಕು. ಮೊದಲು ನೋಡತಕ್ಕದ್ದು ಶಂಕುವಿನ ಅಂಚು. ಮಡಿಕೆಮಡಿಕೆಯಾದ ಕಾಗದದ ಅಥವಾ ಬಟ್ಟೆಯ ಅಂಚು ಅರ್ಧ ಶತಮಾನವನ್ನಾದರೂ ತಡೆದೀತು. 1970ರ ಈಚೆಗೆ ಬಳಕೆಗೆ ಬಂದ ಸ್ಪಂಜಿನ ಅಂಚು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಮುಟ್ಟಿದರೆ ಉದುರುವ ಪುಡಿಯಾಗುತ್ತದೆ, ಮತ್ತು ನಮ್ಮ ಬೇಸಿಗೆ ಅದಕ್ಕೆ ಹಿತವಾದುದಲ್ಲ. ಎರಡನೆಯದಾಗಿ, ಬೆರಳುಗಳನ್ನು ಶಂಕುವಿನ ಎರಡು ಬದಿಗೆ ಸಮವಾಗಿಟ್ಟು ಮೆಲ್ಲನೆ ಒತ್ತಿದಾಗ ಕರಕರವೆಂದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆಯೆಂದು ಅರ್ಥ. ಎರೆಭೂಮಿಯ ನುಣ್ಣನೆಯ ಧೂಳು ಆ ಕೂದಲೆಳೆಯಷ್ಟು ಸಂದಿಯನ್ನು ಹೊಕ್ಕಿರುವುದು ಅಪರೂಪವಲ್ಲ. ಒಂದೂವರೆ ವೋಲ್ಟಿನ ಸೆಲ್ಲನ್ನು ತುದಿಗಳಿಗೆ ಕ್ಷಣಮಾತ್ರ ತಾಗಿಸಿದರೆ ಟಪ್ಪೆಂದು ಶಂಕು ಮುಂದಕ್ಕೋ ಹಿಂದಕ್ಕೋ ಸರಿಯಬೇಕು. ಮೀಟರಿನಲ್ಲಿ ಎಂಟು ಓಮಿನದು ಆರೇಳು ತೋರಿಸಬೇಕು. ಇಲಿ ಕಾಗದವನ್ನು ಕಡಿದಿದೆಯೆ, ಪೆಟ್ಟಿಗೆಯೊಳಗಿನ ಕಪಾಸಿಟರುಗಳು ಒಣಗಿವೆಯೆ ಎಂಬುದನ್ನೂ ನೋಡಬೇಕು. ಕಪಾಸಿಟರು ಬದಲಾಯಿಸುವುದು ಅಗ್ಗದ ಕೆಲಸ, ಅದಕ್ಕೆ ಹೆದರಬೇಕಾದ್ದಿಲ್ಲ.

ಆಲ್ನಿಕೋ ಅಯಸ್ಕಾಂತವೆಂದು ಹೇಳಿ ಬೆಲೆಯೇರಿಸುವವರಿದ್ದಾರೆ. 1978ರಲ್ಲಿ ಅಂದಿನ ಝೈರೆ ದೇಶದ ಗಲಭೆಯಿಂದ ಅದರಲ್ಲಿ ಬೆರೆಯುವ ಕೋಬಾಲ್ಟಿನ ಬೆಲೆ ಗಗನಕ್ಕೇರಿದ್ದರಿಂದಲೇ ತಯಾರಕರು ಆಲ್ನಿಕೋವನ್ನು ಬಿಟ್ಟು ಫೆರೈಟಿಗೆ ತಿರುಗಿದರೇ ಹೊರತು ನಾದದ ವಿಚಾರದಿಂದಲ್ಲ. ಆ ಮಟ್ಟಿಗೆ ಅದರ ಕೀರ್ತಿ ಸುಳ್ಳಲ್ಲ. ಆದರೆ ಪೆಟ್ಟು ಬಿದ್ದರೂ ಅತಿಯಾದ ವಿದ್ಯುತ್ತು ಹರಿದರೂ ಆಲ್ನಿಕೋ ತನ್ನ ಬಲವನ್ನು ಸ್ವಲ್ಪ ಕಳೆದುಕೊಳ್ಳುವುದುಂಟು, ಮತ್ತು ಅದು ಕಣ್ಣಿಗೆ ಕಾಣದ ದೋಷ.

ಕೋಣೆಯನ್ನು ಮರೆತು ಸ್ಪೀಕರನ್ನು ಕೊಳ್ಳುವುದು ನಮ್ಮಲ್ಲಿ ಸಾರ್ವತ್ರಿಕವಾದ ತಪ್ಪು. ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಯ ಮನೆ, ಮೂಲೆಯಲ್ಲಿ ಜೋಳದ ಚೀಲಗಳು, ಗಳುವಿನ ಮೇಲೆ ಕೌದಿಗಳು—ಅಂತಹ ಪಡಸಾಲೆಯಲ್ಲಿ ಧ್ವನಿ ಗೋಡೆಯಿಂದ ಗೋಡೆಗೆ ಪುಟಿಯುತ್ತಿರಲಿಲ್ಲ. ವಾಲ್ವ್ ರೇಡಿಯೋದ ಮಾಧುರ್ಯದಲ್ಲಿ ಒಂದು ಪಾಲು ಆ ಮನೆಗೆ ಸಲ್ಲಬೇಕು. ಈಗಿನ ಆರ್.ಸಿ.ಸಿ. ಕೋಣೆ ನುಣ್ಣನೆಯ ಗೋಡೆಗಳಿಂದಲೂ ಟೈಲ್ಸಿನ ನೆಲದಿಂದಲೂ ಕೂಡಿದ್ದು, ಮೂರು ಮೀಟರ್ ಚೌಕವಾಗಿದ್ದರೆ 57 ಕಂಪನಗಳ ಸುಮಾರಿನ ಮಂದ್ರಸ್ವರವೊಂದನ್ನು ಹಿಡಿದು ಗುಂಯ್‌ಗುಡಿಸುತ್ತದೆ. ಹನ್ನೆರಡು ಅಂಗುಲದ ಹಳೆಯ ಸ್ಪೀಕರನ್ನು ಅಲ್ಲಿ ಮೂಲೆಗೊತ್ತಿ ಇಟ್ಟವನಿಗೆ ಕೇಳಿಸುವುದು ಕೋಣೆಯೇ ಹೊರತು ಸ್ಪೀಕರಲ್ಲ. ಹಿಂದಿನ ಗೋಡೆಗೆ ಅಜ್ಜಿ ಹೊಲಿದ ದಪ್ಪನೆಯ ಕೌದಿಯೊಂದನ್ನು ತೂಗಿಹಾಕಿ, ಪೆಟ್ಟಿಗೆಯನ್ನು ಮೂಲೆಯಿಂದ ಎರಡಡಿ ಈಚೆಗೆ ತಂದರೆ ಆಗುವ ಸುಧಾರಣೆ ಹತ್ತು ಸಾವಿರ ರೂಪಾಯಿಯ ಹೊಸ ತಂತಿಯಿಂದ ಆಗದು.

ಬಯಲಿನಲ್ಲಿ ಕೋಣೆಯ ತೊಂದರೆಯಿಲ್ಲ, ಆದರೆ ಕಾನೂನಿನ ಗೋಡೆಯುಂಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕವನ್ನು ಬಳಸಕೂಡದು. ಉತ್ಸವಗಳಿಗಾಗಿ ವರ್ಷದಲ್ಲಿ ಹದಿನೈದು ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ಸರಕಾರ ರಿಯಾಯಿತಿ ಕೊಡಬಹುದು. ಸಂವೇದನೆ 110 ಡೆಸಿಬೆಲ್ಲಿನ ಹಾರ್ನಿಗೆ ಒಂದೇ ವ್ಯಾಟ್ ಕೊಟ್ಟರೂ, ದೂರ ಇಮ್ಮಡಿಯಾದಂತೆಲ್ಲ ಆರಾರು ಕಳೆದು, 64 ಮೀಟರ್ ಆಚೆ ಅದರ ಮುಖದೆದುರಿಗೆ 74 ಉಳಿಯುತ್ತದೆ. ಹೀಗಿರುವಾಗ ನೂರು ವ್ಯಾಟಿನ ಯೂನಿಟ್ಟನ್ನೇ ಕೊಡಿರೆಂದು ಹಟ ಹಿಡಿಯುವವರ ಉದ್ದೇಶ ಕೇಳಿಸುವುದಲ್ಲ, ಬೇರೇನೋ ಇರಬೇಕು.

ಕೊನೆಯದಾಗಿ ರಿಪೇರಿ. ಹಳೆಯ ಸ್ಪೀಕರಿನ ದೊಡ್ಡ ಗುಣವೆಂದರೆ ಅದನ್ನು ಬಿಚ್ಚಬಹುದು: ಸುಟ್ಟ ಸುರುಳಿ, ಹರಿದ ಶಂಕು, ಸಡಿಲವಾದ ಅಂಚು ಎಲ್ಲವನ್ನೂ ಬೇರೆಬೇರೆಯಾಗಿ ಬದಲಾಯಿಸುವ ಕುಶಲಿಗಳು ಇನ್ನೂ ಇದ್ದಾರೆ, ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಸಿಗುತ್ತವೆ. ಹೊಸ ಬ್ಲೂಟೂತ್ ಪೆಟ್ಟಿಗೆಯಲ್ಲಿ ಬ್ಯಾಟರಿ ಸತ್ತರೆ ನಾದವೂ ಸಾಯುತ್ತದೆ, ಅಂಟಿಸಿ ಮುಚ್ಚಿದ್ದನ್ನು ತೆರೆಯುವವರಿಲ್ಲ. ಆದುದರಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ನಂಬಿಕೆಯ ರಿಪೇರಿಯವನಿದ್ದರೆ, ಕಾಗದದ ಅಂಚಿನ, ಎಂಟೋ ಹತ್ತೋ ಅಂಗುಲದ ಹಳೆಯ ಸ್ಪೀಕರನ್ನು ಅಳುಕಿಲ್ಲದೆ ಕೊಳ್ಳಬಹುದು. ಇಲ್ಲದವರಿಗೆ ಹೊಸದೇ ಕ್ಷೇಮ. ಅಟ್ಟದ ಮೇಲಿನ ವಾಲ್ವ್ ರೇಡಿಯೋವನ್ನು ಇಳಿಸಿದವರು ಮಾತ್ರ ಸಂಭ್ರಮದಿಂದ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಕೂಡದು. ದಶಕಗಳ ಕಾಲ ನಿದ್ರಿಸಿದ ಕಪಾಸಿಟರು ಸಿಡಿಯುವುದುಂಟು. ಬಲ್ಲ ರಿಪೇರಿಯವನು ಮೊದಲ ಸಲ ನೂರು ವ್ಯಾಟಿನ ಹಳೆಯ ತಂತಿಬಲ್ಬೊಂದನ್ನು ಸೀರೀಸಿನಲ್ಲಿ ಜೋಡಿಸಿ ವಿದ್ಯುತ್ತು ಕೊಡುತ್ತಾನೆ: ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದು, ಪೂರ್ಣಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆಯೆಂದು ತಿಳಿದು ಪ್ಲಗ್ಗನ್ನು ಕಿತ್ತು, ಟ್ರಾನ್ಸ್‌ಫಾರ್ಮರಿನಿಂದ ಪರೀಕ್ಷೆಯನ್ನು ಆರಂಭಿಸತಕ್ಕದ್ದು.